ಬುದ್ಧಿವಂತನೂ ಬುದ್ಧಿಮಂತುಡೂ: ಮಡಕಶಿರ ಗಡಿಯಲ್ಲಿ ಸ್ವಭಾವವಾಚಕ ಪದಗಳು

‘ಹುಟ್ಟುಗುಣ ಸುಟ್ಟರೂ ಹೋಗದು’ ಎಂಬುದು ಕನ್ನಡದ ಗಾದೆ. ‘ಪುಟ್ಟುಕತೋ ವಚ್ಚಿನ ಬುದ್ಧಿ ಪುಡಕಲತೋ ಗಾನೀ ಪೋದು’ ಎಂಬುದು ತೆಲುಗಿನ ಗಾದೆ. ಹುಟ್ಟಿನೊಡನೆ ಬಂದ ಬುದ್ಧಿ ಚಿತೆಯ ಕಟ್ಟಿಗೆಯೊಡನೆಯೇ ಹೋಗಬೇಕು ಎಂದು ಅದರ ತಾತ್ಪರ್ಯ. ಎರಡೂ ಹುಟ್ಟಿನಿಂದ ಹೊರಟು ಬೆಂಕಿಯಲ್ಲಿ ಮುಗಿಯುತ್ತವೆ. ವ್ಯತ್ಯಾಸ ಒಂದೇ: ಕನ್ನಡವು ‘ಗುಣ’ ಎಂದಲ್ಲಿ ತೆಲುಗು ‘ಬುದ್ಧಿ’ ಎನ್ನುತ್ತದೆ. ಮನುಷ್ಯನ ಸ್ವಭಾವವನ್ನು ಹೆಸರಿಸುವ ಪದಗಳಲ್ಲಿ ಎರಡು ಭಾಷೆಗಳು ಎಲ್ಲಿ ಕೂಡುತ್ತವೆ, ಎಲ್ಲಿ ಅಗಲುತ್ತವೆ ಎಂಬ ಪ್ರಶ್ನೆಗೆ ಈ ಒಂದು ಪದಪಲ್ಲಟವೇ ಪ್ರವೇಶವಾಗಬಲ್ಲದು.

ಈ ಎರಡು ಗಾದೆಗಳೂ ಒಂದೇ ಬಾಯಲ್ಲಿ ಬಾಳುವ ಪ್ರದೇಶಗಳಲ್ಲಿ ಮಡಕಶಿರ ಮತ್ತು ರಾಯದುರ್ಗ ಮುಖ್ಯವಾದವು. ತುಮಕೂರು ಜಿಲ್ಲೆಗೆ ತಾಗಿಕೊಂಡಿರುವ ಮಡಕಶಿರ ಸೀಮೆಯ ಹೇಮಾವತಿ ನೊಳಂಬರ ರಾಜಧಾನಿಯಾಗಿತ್ತು. ಅಲ್ಲಿನ ಕನ್ನಡ ಶಾಸನಗಳು ಈ ನೆಲದಲ್ಲಿ ಕನ್ನಡದ ಹಳಮೆಗೆ ಸಾಕ್ಷಿ. ಬಳ್ಳಾರಿ ಜಿಲ್ಲೆಯ ಭಾಗವಾಗಿದ್ದ ರಾಯದುರ್ಗವು 1953ರ ವಿಭಜನೆಯಲ್ಲಿ ಆಂಧ್ರಕ್ಕೆ ಸೇರಿತು. ಅನಂತಪುರ ಜಿಲ್ಲೆಯಲ್ಲಿದ್ದ ಮಡಕಶಿರವು 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆಯಲ್ಲಿದೆ. 1966ರ ಅಧಿಕೃತ ಭಾಷಾ ಕಾಯಿದೆಯನ್ವಯ ತೆಲುಗು ರಾಜ್ಯದ ಆಡಳಿತ ಭಾಷೆ. ಹೀಗಾಗಿ ಮನೆಯಲ್ಲಿ ಕನ್ನಡದಲ್ಲಿ ತೂಗಲ್ಪಟ್ಟ ವ್ಯಕ್ತಿ ಕಚೇರಿಯಲ್ಲಿ ತೆಲುಗಿನಲ್ಲಿ ತೂಗಲ್ಪಡುತ್ತಾನೆ.

ತೆಲುಗಿನ ಅಧ್ಯಾಪಕರೊಬ್ಬರು ಕನ್ನಡದ ತಾಯಿಗೆ ‘ಮೀ ಅಬ್ಬಾಯಿ ಬುದ್ಧಿಮಂತುಡಮ್ಮಾ’ ಎಂದರೆಂದು ಭಾವಿಸೋಣ. ಆಕೆ ಕೇಳಿಸಿಕೊಳ್ಳುವುದು ‘ಬುದ್ಧಿವಂತ’. ಮಗ ಚುರುಕು, ಓದಿನಲ್ಲಿ ಮುಂದು ಎಂದು. ಅಧ್ಯಾಪಕರು ಹೇಳಿದ್ದು ಬೇರೆ: ಹುಡುಗ ವಿಧೇಯ, ಹೇಳಿದಂತೆ ಕೇಳುವವನು. ಚುರುಕುತನವನ್ನು ಹೇಳಬೇಕಿದ್ದರೆ ಅವರು ‘ತೆಲಿವೈನವಾಡು’ ಎನ್ನುತ್ತಿದ್ದರು. ‘ಹಾಗಾದರೆ ಗಣಿತದಲ್ಲಿ ಅಂಕ ಯಾಕೆ ಕಡಿಮೆ?’ ಎಂದು ತಾಯಿ ಕೇಳಿದರೆ ಇಬ್ಬರಲ್ಲಿ ಯಾರದೂ ತಪ್ಪಿಲ್ಲ. ಸಂಸ್ಕೃತದ ‘ಬುದ್ಧಿಮತ್’ ಎಂಬುದರ ಅರ್ಥ ಜಾಣ ಎಂದೇ. ತೆಲುಗು ಅದರ ರೂಪವನ್ನು ಕಾಯ್ದುಕೊಂಡು ಅರ್ಥವನ್ನು ನಡತೆಯ ಕಡೆಗೆ ಸರಿಸಿತು. ಕನ್ನಡವು ‘ಮಂತ’ವನ್ನು ‘ವಂತ’ವಾಗಿಸಿಕೊಂಡು ಅರ್ಥವನ್ನು ಕಾಯ್ದುಕೊಂಡಿತು. ಕನ್ನಡದಲ್ಲಿಯೂ ಬುದ್ಧಿಗೆ ಸ್ವಭಾವದ ಅರ್ಥ ಪೂರ್ತಿ ಇಲ್ಲದಿಲ್ಲ: ‘ತನ್ನ ಬುದ್ಧಿ ತೋರಿಸಿದ’ ಎಂದಾಗ ಹೇಳುವುದು ಸ್ವಭಾವವನ್ನೇ, ಅದೂ ಕೆಟ್ಟ ಸ್ವಭಾವವನ್ನು.

‘ಗರ್ವ’ದ ಗತಿಯೂ ಇದೇ. ಕನ್ನಡದ ರೂಢಿಯಲ್ಲಿ ಅದು ದೋಷ. ಮಗಳ ಸಾಧನೆಗೆ ತಂದೆ ಪಡುವುದು ‘ಹೆಮ್ಮೆ’. ತೆಲುಗಿನಲ್ಲಿ ‘ವಾಡಿಕಿ ಗರ್ವಂ ಎಕ್ಕುವ’ ಎಂದರೆ ನಿಂದೆ; ‘ನಿನ್ನು ಚೂಸಿ ಗರ್ವಪಡುತುನ್ನಾನು’ ಎಂದರೆ ಅಪ್ಪಟ ಪ್ರಶಂಸೆ. ಕನ್ನಡದಲ್ಲಿ ಹೊಗಳಿಕೆಯ ಪಾಲನ್ನು ‘ಹೆಮ್ಮೆ’ ವಹಿಸಿಕೊಂಡಿರುವುದರಿಂದ ‘ಗರ್ವ’ಕ್ಕೆ ತೆಗಳಿಕೆಯ ಪಾಲು ಮಾತ್ರ ಉಳಿದಿದೆ, ನಿತ್ಯದ ತೆಲುಗು ಒಂದೇ ಪದದಿಂದ ಎರಡೂ ಕೆಲಸ ಮಾಡಿಸುತ್ತದೆ. ‘ಮುಗ್ಧ’ನೆಂದರೆ ಕನ್ನಡದಲ್ಲಿ ಕಪಟವರಿಯದವನು, ‘ಮುಗ್ಧುಡಯ್ಯಾಡು’ ಎಂದರೆ ತೆಲುಗಿನಲ್ಲಿ ಮನಸೋತನೆಂದು. ಕನ್ನಡದ ‘ಮಂತ್ರಮುಗ್ಧ’ದಲ್ಲಿ ಈ ಅರ್ಥ ಸಮಾಸದೊಳಗೆ ಉಳಿದುಕೊಂಡಿದೆ.

ಇದಕ್ಕೆ ಪ್ರತಿಯಾಗಿ ದೇಶ್ಯ ಪದಗಳನ್ನು ನೋಡಬೇಕು. ಕನ್ನಡದ ‘ಕೊಬ್ಬು’, ತೆಲುಗಿನ ‘ಕೊವ್ವು’ ಜ್ಞಾತಿಪದಗಳು. ಎರಡೂ ಮೈಯ ಮೇದಸ್ಸನ್ನೂ ಮನಸ್ಸಿನ ಉದ್ಧಟತನವನ್ನೂ ಹೇಳುತ್ತವೆ. ತಮಿಳಿನ ‘ಕೊೞುಪ್ಪು’ ಕೂಡ ಹಾಗೆಯೇ. ‘ಮೊಂಡ’ನೂ ‘ಮೊಂಡಿ’ಯೂ ಒಂದೇ ಹಟದವರು. ಪದಗಳು ಬೇರೆಯಾದಾಗಲೂ ರೂಪಕ ಒಂದೇ ಆಗಿರುತ್ತದೆ: ಅಸೂಯೆಗೆ ಕನ್ನಡದಲ್ಲಿ ‘ಹೊಟ್ಟೆಕಿಚ್ಚು’, ತೆಲುಗಿನಲ್ಲಿ ‘ಕಡುಪು ಮಂಟ’. ಕಡುಪು ಎಂದರೆ ಹೊಟ್ಟೆ, ಮಂಟ ಎಂದರೆ ಉರಿ.

ಎರಡು ಭಾಷೆಗಳಿಗೂ ಸಮಾನವಾದ ಸಂಸ್ಕೃತ ಪದಗಳು ಸೇತುವೆ, ದೇಶ್ಯ ಪದಗಳು ಕಂದಕ ಎಂಬುದು ಸಾಮಾನ್ಯ ನಂಬಿಕೆ. ಸ್ವಭಾವವಾಚಕಗಳ ಮಟ್ಟಿಗೆ ಈ ನಂಬಿಕೆ ಹಲವೆಡೆ ತಲೆಕೆಳಗಾಗುತ್ತದೆ. ಇದನ್ನು ನಿಯಮವೆನ್ನಲಾಗದು: ಕನ್ನಡದಲ್ಲಿ ‘ಪಟ್ಟು ಹಿಡಿಯುವುದು’ ಬಹುಮಟ್ಟಿಗೆ ಹಟಮಾರಿತನ, ತೆಲುಗಿನ ‘ಪಟ್ಟುದಲ’ ಮೆಚ್ಚತಕ್ಕ ದೃಢಸಂಕಲ್ಪ, ಅದಕ್ಕೆ ಸಮನಾದ ಕನ್ನಡ ಪದ ‘ಛಲ’. ಆ ‘ಛಲ’ಕ್ಕಾದರೋ ಸಂಸ್ಕೃತದಲ್ಲಿ ವಂಚನೆಯೆಂಬ ಅರ್ಥ! ಆದರೆ ಅಪಾಯ ಹೆಚ್ಚಿರುವುದು ಸಮಾನರೂಪದ ತತ್ಸಮಗಳಲ್ಲಿಯೇ. ಅರಿಯದ ಪದ ಎದುರಾದರೆ ಕೇಳುಗನು ಅರ್ಥ ವಿಚಾರಿಸುತ್ತಾನೆ. ಅರಿತಂತೆ ತೋರುವ ಪದವನ್ನು ವಿಚಾರಿಸುವುದಿಲ್ಲ.

ಸ್ವಭಾವವಾಚಕವು ವರ್ಣನೆಯಷ್ಟೇ ಅಲ್ಲ, ತೀರ್ಪು ಕೂಡ. ಹೆಣ್ಣು–ಗಂಡಿನ ಸಂಬಂಧ ಕುದುರಿಸುವ ಮಾತಿನಲ್ಲಿ, ಶಾಲೆಯ ನಡತೆ ಪ್ರಮಾಣಪತ್ರದಲ್ಲಿ, ನ್ಯಾಯಾಲಯದ ಸಾಕ್ಷ್ಯದಲ್ಲಿ ಒಂದು ವಿಶೇಷಣ ಒಬ್ಬರ ಮುಂದಿನ ದಾರಿಯನ್ನು ಬದಲಿಸಬಲ್ಲದು. ಆದ್ದರಿಂದ ಗಡಿನಾಡಿಗಾಗಿ ಸಿದ್ಧವಾಗುವ ಕನ್ನಡ–ತೆಲುಗು ನಿಘಂಟು ‘ಗರ್ವ’ದೆದುರು ‘ಗರ್ವಂ’ ಎಂದು ಬರೆದು ಮುಗಿಸಿದರೆ ಸಾಲದು. ಪದವು ಹೊಗಳುವುದೋ ತೆಗಳುವುದೋ, ಹೊಗಳಿದರೆ ಜಾಣ್ಮೆಯನ್ನೋ ವಿಧೇಯತೆಯನ್ನೋ ಎಂಬುದನ್ನೂ ಅದು ದಾಖಲಿಸಬೇಕು. ಮಡಕಶಿರದ ದ್ವಿಭಾಷಿಕರು ನಿತ್ಯದ ಮಾತಿನಲ್ಲಿ ಈ ವಿವೇಚನೆಯನ್ನು ಮಾಡುತ್ತಲೇ ಇದ್ದಾರೆ. ನಿಘಂಟುಕಾರರು ಕಲಿಯಬೇಕಾದದ್ದು ಅವರಿಂದಲೇ.