ಬೆಕ್ಕಿನ ಮಲದಲ್ಲಿ ಬಿಳಿಯ ಚೂರುಗಳು

ಪ್ರಶ್ನೆ: ಮೆಕ್ಕೆಜೋಳದ ಚೀಲಗಳನ್ನು ಇಲಿಗಳಿಂದ ಕಾಯುವ ನಮ್ಮ ಬೆಕ್ಕಿನ ಮಲದಲ್ಲಿ ಅಕ್ಕಿಕಾಳಿನಂಥ ಚೂರುಗಳು ಕಾಣುತ್ತಿವೆ, ಹಾಲು ಕುಡಿದರೆ ಭೇದಿಯೂ ಆಗುತ್ತದೆ. ಕಾರಣವೇನು?
– ಓದುಗರೊಬ್ಬರು, ನ್ಯಾಮತಿ

ಉತ್ತರ: ಆ ಚೂರುಗಳು ಹೊಸದರಲ್ಲಿ ಮೆಲ್ಲನೆ ಮಿಸುಕುವುದನ್ನೂ, ಒಣಗಿದ ಮೇಲೆ ಬಾಲದ ಬುಡದ ರೋಮಕ್ಕೆ ಅಂಟಿಕೊಂಡಿರುವುದನ್ನೂ ತಾವು ಕಂಡಿದ್ದರೆ, ಅವು ಅನ್ನದ ಅವಶೇಷವಲ್ಲ, ಕರುಳಿನಲ್ಲಿ ನೆಲೆಸಿದ ಲಾಡಿಹುಳುವಿನಿಂದ ಕಳಚಿಬಿದ್ದ ಖಂಡಗಳೆಂದು ತಿಳಿಯತಕ್ಕದ್ದು. ಒಂದು ಜಾತಿಯ ಹುಳುವಿನ ಮರಿರೂಪವು ಇಲಿಯ ಯಕೃತ್ತಿನಲ್ಲಿ ಅಡಗಿದ್ದು ಬೇಟೆಯ ಮೂಲಕವೂ, ಮತ್ತೊಂದರದು ಮೈ ನೆಕ್ಕುವಾಗ ನುಂಗಿದ ಚಿಗಟದ ಮೂಲಕವೂ ಒಳಸೇರುವುದರಿಂದ, ಚನ್ನಗಿರಿಯ ಅಡಕೆ ತೋಟದಲ್ಲಾಗಲಿ ಜಗಳೂರಿನ ಕಣದಲ್ಲಾಗಲಿ ಇಲಿ ಹಿಡಿದು ಬದುಕುವ ಬೆಕ್ಕಿಗೆ ಈ ಬಾಧೆ ಅಪರೂಪವಲ್ಲ. ಪಶುವೈದ್ಯರು ತೂಕವರಿತು ಪ್ರಾಜಿಕ್ವಾಂಟೆಲ್ ಕೊಡುವರು. ಆದರೆ ಚಿಗಟವನ್ನು ನಿವಾರಿಸದಿದ್ದರೆ ಹುಳು ಮರಳಿ ಬರುವುದು.

ಮೊಲೆಹಾಲು ಬಿಟ್ಟ ಮೇಲೆ ಹಾಲಿನ ಸಕ್ಕರೆಯನ್ನು ಜೀರ್ಣಿಸುವ ಶಕ್ತಿ ಬಹುತೇಕ ಬೆಕ್ಕುಗಳಲ್ಲಿ ಕುಂದುತ್ತದೆ, ನೀರೇ ಸಾಕು. ಮಲವು ಕಪ್ಪಾಗಿ ಅಂಟಂಟಾಗಿದ್ದರೆ ಜಠರದಲ್ಲಿಯೋ ಸಣ್ಣ ಕರುಳಿನಲ್ಲಿಯೋ ರಕ್ತಸ್ರಾವದ ಶಂಕೆಯುಂಟು. ಮರಿಯೊಂದು ಆಹಾರ ಬಿಟ್ಟು ವಾಂತಿಭೇದಿಯಿಂದ ಸೊರಗಿದರಂತೂ, ದಯವಿಟ್ಟು ಮನೆಮದ್ದಿಗೆ ಕಾಲ ಕಳೆಯದೆ ಅಂದೇ ಹೊನ್ನಾಳಿಯ ಪಶು ಆಸ್ಪತ್ರೆಗೋ ಸಮೀಪದ ಪಶುವೈದ್ಯರಲ್ಲಿಗೋ ಒಯ್ಯಿರಿ. ಮನುಷ್ಯರ ಪ್ಯಾರಾಸಿಟಮಾಲ್ ಬೆಕ್ಕಿಗೆ ಪ್ರಾಣಾಂತಿಕ.