ಪುಟ್ಟ ಮಾದರಿಗೆ ಬಣ್ಣ: ಕಂಪ್ರೆಸರ್ ಕೊಳ್ಳುವ ಮುನ್ನ

ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ ಎಚ್.ಎ.ಎಲ್. ಸಂಸ್ಥೆಯ ಹೆಲಿಕಾಪ್ಟರ್ ಕಾರ್ಖಾನೆ ೨೦೨೩ರ ಫೆಬ್ರವರಿ ೬ರಂದು ಉದ್ಘಾಟನೆಗೊಂಡಿತು. ಆ ಸೀಮೆಯ ಬಾಲಕನೊಬ್ಬ ಹೆಲಿಕಾಪ್ಟರಿನ ಪ್ಲಾಸ್ಟಿಕ್ ಮಾದರಿ ಜೋಡಿಸಿ, ಅಥವಾ ಕುದುರೆ ಫಾರಂಗೆ ಹೆಸರಾದ ಕುಣಿಗಲ್ಲಿನ ಬಾಲಕಿಯೊಬ್ಬಳು ಪುಟ್ಟ ಕುದುರೆಯನ್ನು ರೂಪಿಸಿ, ಬಣ್ಣ ಸಿಂಪಡಿಸಲು ಏರ್‌ಬ್ರಷ್ ಮತ್ತು ಕಂಪ್ರೆಸರ್ ಬೇಕೆಂದು ಕೇಳಿದರೆ, ತಾಯ್ತಂದೆಯರು ಅದನ್ನು ಆಟದ ಖರ್ಚೆಂದು ತಳ್ಳಿಹಾಕುವುದು ಸಹಜ. ಕೇಳಿದವರ ಕಾರಣವನ್ನೂ ತಿಳಿಯುವುದು ಒಳಿತು. ೧:೭೨ ಪ್ರಮಾಣದಲ್ಲಿ ಒಂದು ಮೀಟರ್ ಉದ್ದವು ೧.೪ ಸೆಂಟಿಮೀಟರಿಗೆ ಇಳಿಯುತ್ತದೆ. ಕುಂಚದ ಗೆರೆ ಅಲ್ಲಿ ಹಗ್ಗದಂತೆ ಎದ್ದು ಕಾಣುತ್ತದೆ. ಗುಬ್ಬಿ ವೀರಣ್ಣನವರ ಕಂಪನಿಯ ಪರದೆಗಳನ್ನು ಜನ ದೂರ ಕುಳಿತು ಕಂಡರು; ಮಾದರಿಯನ್ನಾದರೋ ಅಂಗೈಯಲ್ಲಿಟ್ಟು ನೋಡುತ್ತಾರೆ.

ಟ್ಯಾಂಕಿಲ್ಲದ ಯಂತ್ರ ಅಗ್ಗ. ಆದರೆ ಪಿಸ್ಟನ್ ಗಾಳಿಯನ್ನು ಬಿಟ್ಟುಬಿಟ್ಟು ತಳ್ಳುವುದರಿಂದ ಬಣ್ಣವೂ ನಡುಗುತ್ತ ಬೀಳುತ್ತದೆ. ಟ್ಯಾಂಕು ಆ ನಡುಕವನ್ನು ನುಂಗಿ ಸಮನಾದ ಗಾಳಿಯನ್ನು ಕೊಡುತ್ತದೆ. ಒತ್ತಿದ ಗಾಳಿ ತಣಿದಾಗ ಇಳಿಯುವ ನೀರಿನ ಒಂದು ಪಾಲೂ ಅಲ್ಲಿಯೇ ನಿಲ್ಲುತ್ತದೆ. ಅದನ್ನು ಕೆಲಸ ಮುಗಿದೊಡನೆ ಕೆಳಗಿನ ತಿರುಪು ಬಿಚ್ಚಿ ಹೊರಬಿಡಬೇಕು. ಉಳಿದ ತೇವಕ್ಕೆ ನೀರು ತಡೆಯುವ ಫಿಲ್ಟರೂ ಒತ್ತಡ ಹೊಂದಿಸುವ ರೆಗ್ಯುಲೇಟರೂ ಇರಲೇಬೇಕು. ಬೇಕಾಗುವ ಒತ್ತಡ ೧೫ರಿಂದ ೨೦ ಪೌಂಡು ಮಾತ್ರ, ಸ್ಕೂಟರಿನ ಚಕ್ರಕ್ಕೆ ತುಂಬುವುದಕ್ಕಿಂತಲೂ ಕಡಿಮೆ. ಹೀಗಿರುವಾಗ ಪಂಕ್ಚರ್ ಅಂಗಡಿಯ ದೊಡ್ಡ ಯಂತ್ರವನ್ನು ಮನೆಗೆ ತರುವುದು ವ್ಯರ್ಥ. ಅದರ ಎಣ್ಣೆಯ ಹನಿ ಬಣ್ಣವನ್ನೂ ಕೆಡಿಸೀತು.

ಟ್ಯಾಂಕಿದ್ದರೆ ಕರೆಂಟು ಹೋದರೂ ಕೆಲಸ ನಿಲ್ಲದೆಂಬ ಮಾತು ಕೇಳಿಬರುತ್ತದೆ. ಲೆಕ್ಕ ಹಾಕಿ ನೋಡೋಣ. ಮೂರು ಲೀಟರಿನ ಟ್ಯಾಂಕಿನಲ್ಲಿ ೪ ಬಾರ್ ಒತ್ತಡವಿದ್ದು, ಅದು ಒಂದೂವರೆಗೆ ಇಳಿಯುವವರೆಗೆ ದೊರೆಯುವ ಗಾಳಿ ಏಳೂವರೆ ಲೀಟರ್. ಏರ್‌ಬ್ರಷ್ ನಿಮಿಷಕ್ಕೆ ಹತ್ತು ಲೀಟರ್ ಬಳಸಿದರೆ ಮುಕ್ಕಾಲು ನಿಮಿಷದಲ್ಲಿ ಎಲ್ಲವೂ ಮುಗಿಯಿತು! ಇಪ್ಪತ್ತೈದು ಲೀಟರಿನದೂ ಆರು ನಿಮಿಷಕ್ಕಷ್ಟೇ. ಆದ್ದರಿಂದ ಮನೆಗೆ ಮೂರು ಲೀಟರೇ ಸಾಕೆಂದು ನನ್ನ ಅಭಿಪ್ರಾಯ. ಒತ್ತಡ ತುಂಬಿದಾಗ ತಾನೇ ನಿಂತು, ಇಳಿದಾಗ ತಾನೇ ಹೊರಡುವ ಸ್ವಿಚ್ ಇರಲಿ. ಸಂಜೆ ವೋಲ್ಟೇಜು ಕುಸಿಯುವ ಮನೆಗಳಲ್ಲಿ ತುಂಬಿದ ಟ್ಯಾಂಕಿನೆದುರು ಮೋಟಾರು ತಿರುಗಲಾರದೆ ಗುಂಯ್‌ಗುಟ್ಟಿದರೆ ಕೂಡಲೇ ಆರಿಸಬೇಕು. ಇಲ್ಲದಿದ್ದರೆ ಸುರುಳಿ ಸುಟ್ಟೀತು.

ಹಣಕ್ಕಿಂತ ದೊಡ್ಡದು ಮಕ್ಕಳ ಕ್ಷೇಮ. ಹಳೆಯ ಗ್ಯಾಸ್ ಸಿಲಿಂಡರನ್ನು ಬೆಸೆದು ಟ್ಯಾಂಕು ಮಾಡಿಕೊಡುವೆವೆಂದವರನ್ನು ನಂಬಲಾಗದು. ಸೇಫ್ಟಿ ವಾಲ್ವ್ ಇಲ್ಲದ ಟ್ಯಾಂಕು ಬಾಂಬಿಗೆ ಸಮ. ಸಿಂಪಡಿಸಿದ ಬಣ್ಣದ ಮಂಜು ಶ್ವಾಸಕೋಶದೊಳಕ್ಕೂ ಇಳಿಯುತ್ತದೆ. ನೀರಿನಲ್ಲಿ ಕರಗುವ ಅಕ್ರಿಲಿಕ್ ಬಣ್ಣ, ಮುಖಕ್ಕೆ ಮಾಸ್ಕ್, ತೆರೆದ ಕಿಟಕಿ ಇವು ಕಡ್ಡಾಯ. ಥಿನ್ನರ್ ಬಳಸುವುದಾದರೆ ಬಟ್ಟೆಯ ಮುಸುಕು ಸಾಲದು, ಇದ್ದಿಲಿನ ಫಿಲ್ಟರುಳ್ಳ ಮಾಸ್ಕೇ ಬೇಕು. ಒಲೆಯೂ ದೇವರ ಮನೆಯ ದೀಪವೂ ದೂರವಿರಲಿ.

ತುಮಕೂರಿನ ಅಂಗಡಿಯಲ್ಲಾಗಲಿ ಬೇರೆಡೆಯಾಗಲಿ, ಹಣ ಕೊಡುವ ಮೊದಲು ಟ್ಯಾಂಕು ತುಂಬಿಸಿ, ಯಂತ್ರ ಆರಿಸಿ, ಹತ್ತು ನಿಮಿಷ ಕಾಯಿರಿ. ಮಾಪಕದ ಮುಳ್ಳು ಇಳಿದರೆ ಎಲ್ಲೋ ಸೋರುತ್ತಿದೆ. ಬೇರೊಂದನ್ನು ತೋರಿಸಲು ಹೇಳಿರಿ.