ಬಾಡಿಗೆ ಮನೆ ಮತ್ತು ದಾರಿ ತೋರುವ ನಾಯಿ



ನಮ್ಮ ಧುಪದಾಳ, ಘಟಪ್ರಭಾ ಕಡೆ ಬಾಡಿಗೆ ಮನೆಗಳಿವೆ. “ನಾಯಿ ಇದ್ದವರಿಗೆ ಮನಿ ಕೊಡಂಗಿಲ್ರಿ” ಎಂದು ಕೆಲವು ಮಾಲೀಕರು ಹೇಳುವುದುಂಟು. ಯಾಕೆ? ನಾಯಿ ಬೊಗಳುತ್ತದೆ. ಹೊಲಸು ಮಾಡುತ್ತದೆ. ಮಕ್ಕಳನ್ನು ಕಚ್ಚೀತು ಎಂಬ ಅಂಜಿಕೆಯೂ ಇರುತ್ತದೆ. ಈ ಅಂಜಿಕೆ ಸುಳ್ಳಲ್ಲ.

ಆದರೆ ಎಲ್ಲ ನಾಯಿಗಳೂ ಒಂದೇ ಅಲ್ಲ. ಕಣ್ಣು ಕಾಣದವರಿಗೆ ದಾರಿ ತೋರಿಸಲು ಕೆಲವು ನಾಯಿಗಳಿಗೆ ತರಬೇತಿ ಕೊಡುತ್ತಾರೆ. ಮೆಟ್ಟಿಲು ಬಂದರೆ ನಾಯಿ ನಿಲ್ಲುತ್ತದೆ. ಗುಂಡಿ ಇದ್ದರೆ ಸುತ್ತು ಹಾಕಿ ಕರೆದೊಯ್ಯುತ್ತದೆ. ಕಿವಿ ಕೇಳದವರಿಗೆ ಬಾಗಿಲು ಬಡಿದದ್ದನ್ನು ತಿಳಿಸುವ ನಾಯಿಗಳೂ ಇವೆ. ನಮ್ಮ ಕಡೆ ಇವು ಅಪರೂಪ.

ಇದು ಶೋಕಿಗೆ ಸಾಕಿದ ನಾಯಿ ಅಲ್ಲ. ಕಣ್ಣು ಕಾಣದವರ ಕೈಯ ಕೋಲು ಇದ್ದಂತೆ. “ಕೋಲು ಬಿಟ್ಟು ಬಾ” ಎಂದು ನಾವು ಯಾರಿಗಾದರೂ ಹೇಳುತ್ತೇವೆಯೇ?

ಕಾಯ್ದೆ ಏನು ಹೇಳುತ್ತದೆ?

ಅಂಗವಿಕಲರ ಹಕ್ಕುಗಳ ಕಾಯ್ದೆ 2016ರಲ್ಲಿ ಆಯಿತು. 2017ರ ಏಪ್ರಿಲ್ 19ರಿಂದ ಜಾರಿಗೆ ಬಂತು. ಅಂಗವಿಕಲರು ಎಂಬ ಕಾರಣಕ್ಕೆ ಭೇದ ಮಾಡಬಾರದು ಎಂದು ಅದು ಹೇಳುತ್ತದೆ. ಆದರೆ ಬಾಡಿಗೆ ಮನೆಯಲ್ಲಿ ನಾಯಿ ಇರುವ ವಿಷಯ ಅದರಲ್ಲಿ ಬಿಡಿಸಿ ಬರೆದಿಲ್ಲ. ಅಮೆರಿಕ ದೇಶದಲ್ಲಿ 1988ರಲ್ಲಿ ಮನೆಗಳ ಕಾಯ್ದೆ ತಿದ್ದಿದರು. ಅಲ್ಲಿ “ಪ್ರಾಣಿ ಬೇಡ” ಎಂಬ ಷರತ್ತು ಇದ್ದರೂ, ದಾರಿ ತೋರುವ ನಾಯಿಯನ್ನು ಸಾಮಾನ್ಯವಾಗಿ ಬೇಡ ಎನ್ನುವಂತಿಲ್ಲ. ನಮ್ಮಲ್ಲಿ ಎರಡೂ ಕಡೆಯವರು ಕೂತು ಮಾತಾಡಿಕೊಳ್ಳುವುದೇ ಒಳ್ಳೆಯ ದಾರಿ.

ಮಾಲೀಕರು ಏನು ಕೇಳಬೇಕು?

1. ನಾಯಿ ಏನು ಕೆಲಸ ಮಾಡುತ್ತದೆ? ತರಬೇತಿ ಆಗಿದೆಯೇ?
2. ಹುಚ್ಚುನಾಯಿ ರೋಗದ ಲಸಿಕೆ ಹಾಕಿಸಿದ ಚೀಟಿ ಇದೆಯೇ?
3. ಹೊಲಸು ಯಾರು ತೆಗೆಯುತ್ತಾರೆ? ಏನಾದರೂ ಮುರಿದರೆ ರಿಪೇರಿ ಯಾರು ಮಾಡಿಸುತ್ತಾರೆ?

“ನಿನಗ ಕಣ್ಣು ಯಾಕ ಹೋದವು?” ಎಂದು ಕೆದಕುವುದು ಬೇಡ. ಅದು ಮನಸ್ಸಿಗೆ ನೋವು. ಕೋಲಿಗೆ ಬಾಡಿಗೆ ಇಲ್ಲ. ಹಾಗೆಯೇ ಈ ನಾಯಿಗೆಂದು ಹೆಚ್ಚು ಬಾಡಿಗೆ ಕೇಳುವುದೂ ಬೇಡ.

ಬಾಡಿಗೆಗೆ ಬರುವವರು ಏನು ಮಾಡಬೇಕು?

ನಾಯಿ ಇರುವುದನ್ನು ಮುಚ್ಚಿಡಬಾರದು. ಮೊದಲೇ ಹೇಳಬೇಕು. ಲಸಿಕೆ ಚೀಟಿ ತೋರಿಸಬೇಕು. ನೆರೆಮನೆಯವರಿಗೂ ತಿಳಿಸಬೇಕು. ಕೆಲಸದಲ್ಲಿರುವ ನಾಯಿಯನ್ನು ಮುಟ್ಟಬಾರದು, ತಿನ್ನಲು ಹಾಕಬಾರದು ಎಂದು ಮಕ್ಕಳಿಗೆ ಹೇಳಬೇಕು. ಮಾಲೀಕರು ಒಪ್ಪದಿದ್ದರೆ ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರನ್ನು ಕರೆದು ಮಾತಾಡಿಸಬಹುದು.

ಒಪ್ಪಿದ ಮಾತನ್ನೆಲ್ಲ ಕರಾರು ಪತ್ರದಲ್ಲಿ ಬರೆಸಬೇಕು. ಬಾಯಿಮಾತು ಮರೆತು ಹೋಗುತ್ತದೆ, ಬರೆದದ್ದು ಉಳಿಯುತ್ತದೆ. ಮಾಲೀಕರಾಗಲಿ, ಬಾಡಿಗೆಯವರಾಗಲಿ, ಪತ್ರವನ್ನು ಪೂರ್ತಿ ಓದಿಯೇ ಸಹಿ ಮಾಡೋಣ. ಈಗ ನಮಗೆ ಓದಲು ಬರುತ್ತದಲ್ಲ!